ಬಾತ್‌ರೂಮ್ ಗೋಡೆಯ ಹಳೇ ಟೈಲ್ಸ್: ಒಡೆದ ಜಾಗಕ್ಕೆ ಹೊಂದುವಂಥದ್ದು ಸಿಗುತ್ತಾ?

ನೀಲಿಹೂಜಿ

ಎಲ್ಲರಿಗೂ ನಮಸ್ಕಾರ. ನಮ್ಮ ಬಾತ್‌ರೂಮ್ ಗೋಡೆಯೊಳಗೆ ಬಿಸಿನೀರಿನ ಪೈಪ್ ಸೋರುತ್ತಿತ್ತು. ಪ್ಲಂಬರ್ ಗೋಡೆ ಒಡೆದು ಸರಿ ಮಾಡಿದ್ದಾರೆ. ಈಗ ಮಿಕ್ಸರ್ ನಲ್ಲಿಯ ಸುತ್ತ ಹನ್ನೆರಡು ಟೈಲ್ಸ್ ಜಾಗ ಖಾಲಿ ಇದೆ. ಹಳೇ ಟೈಲ್ಸ್ ತಿಳಿ ಹಸಿರು, ಹೊಳಪಿನವು, ಚೌಕ, ಹೆಚ್ಚೂಕಡಿಮೆ ಆರಿಂಚು. ಅಂಗಡಿಯಲ್ಲಿ ತೋರಿಸಿದರೆ "ಇದು ಬರೋದು ನಿಂತೇ ಹೋಗಿದೆ, ಪೂರ್ತಿ ಒಡೆಸಿ ಹೊಸದು ಹಾಕಿಸಿ" ಅನ್ನುತ್ತಾರೆ. ಆದರೆ ಉಳಿದ ಟೈಲ್ಸ್ ಗಟ್ಟಿಯಾಗಿವೆ, ನೋಡಲು ಚೆನ್ನಾಗಿಯೂ ಇವೆ. ಅವನ್ನೆಲ್ಲ ಒಡೆಸಲು ನನಗೆ ಮನಸ್ಸು ಬರುತ್ತಿಲ್ಲ. ಬೇರೆ ದಾರಿ ಇದೆಯಾ? ಇಂಥ ಕೆಲಸ ಮಾಡಿಸಿದವರು, ಮಾಡುವವರು ದಯವಿಟ್ಟು ಹೇಳಿ.

ಕರಣೆ

ನಾನು ಟೈಲ್ಸ್ ಕೆಲಸದವನು. ಒಡೆಸುವ ಮಾತು ಕೊನೆಗಿರಲಿ ಮೇಡಂ. ಮೊದಲು ಉಳಿದ ಗೋಡೆ ನಿಜವಾಗಿಯೂ ಗಟ್ಟಿಯಿದೆಯಾ ನೋಡಿ. ಸುತ್ತಿಗೆಯ ಮರದ ಹಿಡಿಯಿಂದ ಒಂದೊಂದೇ ಟೈಲನ್ನು ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಸದ್ದು ಬಂದರೆ ಸರಿ. ಟೊಳ್ಳು ಸದ್ದು ಬಂದರೆ ಹಿಂದೆ ಗಾರೆ ಬಿಟ್ಟಿದೆ ಅಂತ ಅರ್ಥ. ಒಡೆದ ಜಾಗದ ಸುತ್ತಲಿನ ಸಾಲನ್ನು ಇನ್ನೂ ಗಮನವಿಟ್ಟು ತಟ್ಟಿ, ಏಕೆಂದರೆ ಉಳಿಯ ಪೆಟ್ಟಿನಿಂದ ಪಕ್ಕದವೂ ಸಡಿಲವಾಗಿರುತ್ತವೆ. ಟೊಳ್ಳು ಇರುವ ಟೈಲ್ಸ್‌ಗೆ ಪೆನ್ಸಿಲ್‌ನಲ್ಲಿ ಗುರುತು ಮಾಡಿ. ಅಲ್ಲೊಂದು ಇಲ್ಲೊಂದು ಇದ್ದರೆ ತೊಂದರೆಯಿಲ್ಲ. ಅರ್ಧ ಗೋಡೆಯೇ ಟೊಳ್ಳಾಗಿದ್ದರೆ ಮಾತ್ರ ಅಂಗಡಿಯವರ ಮಾತು ಕೇಳಬೇಕಾಗುತ್ತದೆ.

ಎರಡನೆಯದು, ಅಳತೆ. ಎಲ್ಲರೂ ಬಣ್ಣ ಹುಡುಕಿಕೊಂಡು ಹೋಗುತ್ತಾರೆ. ನಾನು ಹೇಳುವುದು ಮೊದಲು ಅಳತೆ ಹುಡುಕಿ ಅಂತ. ಆರಿಂಚಿನ ಹಳೇ ಟೈಲ್ ಅಂದರೆ 152.4 ಮಿ.ಮೀ. ಈಗ ಅದೇ ಜಾಗದಲ್ಲಿ ಮಾರುವುದು ಬಹಳ ಸಲ 150 ಮಿ.ಮೀ. ಟೈಲ್. ಕೈಯಲ್ಲಿ ಹಿಡಿದರೆ ಎರಡೂ ಒಂದೇ ಅನಿಸುತ್ತವೆ. ಹತ್ತು ಟೈಲ್ ಸಾಲಾಗಿ ಇಟ್ಟರೆ 24 ಮಿ.ಮೀ. ವ್ಯತ್ಯಾಸ ಬರುತ್ತದೆ, ಅಷ್ಟಕ್ಕೆ ಗೋಡೆಯ ಗೆರೆಗಳೆಲ್ಲ ತಪ್ಪುತ್ತವೆ.

ನಿಮ್ಮದು ಮೂರು ನಾಲ್ಕು ಟೈಲ್ ಅಗಲದ ಜಾಗ, ಹಾಗಾಗಿ 150 ಇದ್ದರೂ ನಡೆಯುತ್ತದೆ. ಪ್ರತಿ ಟೈಲನ್ನೂ ಹಳೇ ಚೌಕದ ನಡುವೆ ಕೂರಿಸಿದರೆ ಸಂದು ಎರಡೂವರೆ ಮಿ.ಮೀ. ಜಾಸ್ತಿ ಆಗುತ್ತದೆ, ಅಷ್ಟೇ. ಸ್ವಲ್ಪ ಚಿಕ್ಕ ಟೈಲ್ ಬಂದರೆ ನಿಭಾಯಿಸಬಹುದು. ಜಾಗಕ್ಕಿಂತ ದೊಡ್ಡದು ಬಂದರೆ ಪ್ರತಿಯೊಂದನ್ನೂ ಉಜ್ಜಿ ಸಣ್ಣದು ಮಾಡಬೇಕು, ಆಗ ಅಂಚಿನ ಹೊಳಪು ಹೋಗುತ್ತದೆ.

ದಪ್ಪವನ್ನೂ ಅಳೆಯಿರಿ. ಅಂಚು ನೋಡಿ, ಹಳೇ ಟೈಲ್ಸ್ ಅಂಚು ಸ್ವಲ್ಪ ಗುಂಡಗೆ ಇರುತ್ತದೆ. ಈಗಿನ ಕೆಲವು ಟೈಲ್ಸ್‌ಗೆ ಕತ್ತರಿಸಿದಂಥ ನೇರ ಅಂಚು. ಬಣ್ಣ ಸರಿಯಾಗಿ ಹೊಂದಿದರೂ ಅಂಚು ಬೇರೆ ಇದ್ದರೆ ಬೆಳಕು ಬಿದ್ದ ತಕ್ಷಣ ಗೊತ್ತಾಗುತ್ತದೆ. ಕೊನೆಗೆ ಒಡೆದ ಚೂರುಗಳನ್ನು ತಿರುಗಿಸಿ ನೋಡಿ. ಹಿಂಬದಿಯಲ್ಲಿ ತಯಾರಕರ ಗುರುತು ಅಚ್ಚಾಗಿರಬಹುದು. ಹುಡುಕಲು ಅದು ದೊಡ್ಡ ಸಹಾಯ. ಚೂರುಗಳನ್ನು ಎಸೆದಿಲ್ಲ ತಾನೇ?

ಹಳೇಮನೆ

ಅಂಗಡಿಗೆ ಹೋಗುವ ಮುಂಚೆ ನಿಮ್ಮ ಬಾತ್‌ರೂಮನ್ನೇ ಒಮ್ಮೆ ಹುಡುಕಿ. ತಮಾಷೆಗೆ ಹೇಳುತ್ತಿಲ್ಲ. ನಿಮ್ಮ ಟೈಲ್ಸ್‌ಗೆ ಸರಿಯಾಗಿ ಹೊಂದುವ ಟೈಲ್ಸ್ ಈ ಲೋಕದಲ್ಲಿ ಎಲ್ಲಾದರೂ ಇದ್ದರೆ ಅದು ಅದೇ ಗೋಡೆಯಲ್ಲೇ ಇದೆ. ಅದೇ ಬ್ಯಾಚ್, ಅದೇ ಗೂಡಿನಲ್ಲಿ ಸುಟ್ಟದ್ದು, ಅಷ್ಟೇ ವರ್ಷ ಹಳೆಯದು.

ಗೋಡೆಗೆ ಹಾಕಿದ ಕನ್ನಡಿಯ ಹಿಂದೆ ನೋಡಿ. ಕಪಾಟಿನ ಹಿಂದೆ, ಗೀಸರ್ ಹಿಂದೆ, ಬೇಸಿನ್‌ನ ಕಾಲಿನ ಹಿಂದೆ, ಫಾಲ್ಸ್ ಸೀಲಿಂಗ್ ಮೇಲೆ, ಬಾಗಿಲು ತೆರೆದಾಗ ಮುಚ್ಚಿಹೋಗುವ ಗೋಡೆಯಲ್ಲಿ. ಅಲ್ಲಿಂದ ಟೈಲ್ಸ್ ಬಿಡಿಸಿ ಕಣ್ಣಿಗೆ ಕಾಣುವ ಜಾಗಕ್ಕೆ ಹಾಕಿ. ಕನ್ನಡಿಯ ಹಿಂದೆ ಯಾವ ಬಣ್ಣದ ಟೈಲ್ ಹಾಕಿದರೂ ಯಾರಿಗೂ ಕಾಣಿಸಲ್ಲ, ಅಲ್ವಾ?

ಅಟ್ಟ, ಮೆಟ್ಟಿಲ ಕೆಳಗೆ, ಸಾಮಾನು ಕೋಣೆಯಲ್ಲೂ ಒಂದು ಸಲ ಹುಡುಕಿ. ಮನೆ ಕಟ್ಟಿದವರು ಉಳಿದ ಬಾಕ್ಸ್ ಇಟ್ಟಿರುತ್ತಾರೆ. ಬಾಕ್ಸ್ ಸಿಕ್ಕಿದರೆ ಅದರ ಮೇಲಿನ ಶೇಡ್ ನಂಬರ್, ಬ್ಯಾಚ್ ನಂಬರ್ ಬರೆದುಕೊಳ್ಳಿ. ಒಂದೇ ಹೆಸರಿನ ಟೈಲ್ ಕೂಡ ಬೇರೆ ಬ್ಯಾಚ್‌ನಲ್ಲಿ ಬೇರೆ ಛಾಯೆಗೆ ಬರುತ್ತದೆ.

ಮೇಲ್ಪದರ

ನನ್ನ ಸಲಹೆ ಬೇರೆ. ಹಳೇ ಟೈಲ್ಸ್ ಗಟ್ಟಿಯಿದ್ದರೆ ಒಡೆಯಲೇಬೇಡಿ. ಖಾಲಿ ಜಾಗ ಪ್ಲಾಸ್ಟರ್ ಮಾಡಿ ಮಟ್ಟ ಮಾಡಿಸಿ, ಇಡೀ ಗೋಡೆಗೆ ಟೈಲ್ ಮೇಲೆ ಟೈಲ್ ಹಾಕಿಸಿ. ದೂಳಿಲ್ಲ, ಗಲಾಟೆಯಿಲ್ಲ, ಬೇಗ ಮುಗಿಯುತ್ತದೆ. ಹೊಂದಿಸುವ ತಲೆನೋವೇ ಇಲ್ಲ.

ಕರಣೆ

ಟೈಲ್ ಮೇಲೆ ಟೈಲ್ ಕೆಟ್ಟ ಪದ್ಧತಿಯಲ್ಲ, ನಾನೂ ಮಾಡಿದ್ದೇನೆ. ಆದರೆ ಅಷ್ಟು ಸುಲಭ ಅಂತ ಹೇಳಲಾರೆ. ಹಳೇ ಟೈಲ್‌ನ ಹೊಳಪು ಮೈಗೆ ಸಾದಾ ಸಿಮೆಂಟ್ ಗಾರೆ ಹಿಡಿಯುವುದೇ ಇಲ್ಲ. ಸೋಪಿನ ಜಿಡ್ಡೆಲ್ಲ ತೊಳೆದು, ಮೈಯನ್ನು ಒರಟು ಮಾಡಿ ಅಥವಾ ಪ್ರೈಮರ್ ಹಚ್ಚಿ, ಸಿ2 ದರ್ಜೆಯ, ಅಂದರೆ ಹೆಚ್ಚು ಹಿಡಿತದ ಸಿಮೆಂಟ್ ಅಂಟಿನಲ್ಲೇ ಹಾಕಬೇಕು. ಗೋಡೆ ಅಂಟಿನ ಸಮೇತ ಹನ್ನೆರಡು ಮಿ.ಮೀ. ಮುಂದೆ ಬರಬಹುದು. ಆಗ ಮಿಕ್ಸರ್ ಒಳಗೆ ಹೂತುಹೋದಂತೆ ಆಗುತ್ತದೆ, ಬಾಗಿಲ ಚೌಕಟ್ಟಿನ ಹತ್ತಿರ ಮೆಟ್ಟಿಲಂತೆ ನಿಲ್ಲುತ್ತದೆ, ಸ್ವಿಚ್ ಬೋರ್ಡ್ ಹಿಂದೆ ಸರಿಯುತ್ತದೆ. ಎಲ್ಲಕ್ಕೂ ಉದ್ದನೆಯ ಜೋಡಣೆ ಬೇಕು. ಇನ್ನು ಗೋಡೆ ಹೊರುವ ತೂಕವೂ ಹೆಚ್ಚುತ್ತದೆ. ಹನ್ನೆರಡು ಟೈಲ್ಸ್‌ಗೋಸ್ಕರ ಇಷ್ಟೆಲ್ಲ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಮೇಲ್ಪದರ

ಒಪ್ಪಿದೆ. ಟೈಲ್ಸ್‌ನ ಬಣ್ಣವೇ ಬೇಸರ ಬಂದಿದ್ದರೆ ಅದು ಸರಿಯಾದ ದಾರಿ. ನೀಲಿಹೂಜಿಯವರಿಗೆ ಹಳೇದೇ ಇಷ್ಟ ಅಂತ ಕಾಣುತ್ತದೆ.

ನೀಲಿಹೂಜಿ

ಹೌದು, ಹಳೇದೇ ಇಷ್ಟ. ಎಲ್ಲರಿಗೂ ಧನ್ಯವಾದ. ತಟ್ಟಿ ನೋಡಿದೆ. ಒಡೆದ ಜಾಗದ ಎಡಗಡೆ ಎರಡು ಟೈಲ್ಸ್ ಮಾತ್ರ ಟೊಳ್ಳು. ಚೂರುಗಳು ಇವೆ, ಆದರೆ ಹಿಂದೆ ಬರೀ ಗೆರೆಗಳು, ಗುರುತಿಲ್ಲ. ಅಳತೆ 152 ಮಿ.ಮೀ. ಬಂತು, ದಪ್ಪ ಆರು. ಅಟ್ಟದಲ್ಲಿ ಏನೂ ಸಿಗಲಿಲ್ಲ. ಆದರೆ ಕನ್ನಡಿ ಕಪಾಟು ಇಳಿಸಿದಾಗ ಹಿಂದೆ ಹದಿನೈದು ಟೈಲ್ಸ್ ಇವೆ! ನಾಲ್ಕಕ್ಕೆ ಮೊಳೆಯ ತೂತು ಬಿದ್ದಿದೆ, ಉಳಿದ ಹನ್ನೊಂದು ಚೊಕ್ಕವಾಗಿವೆ. ಹಳೇಮನೆಯವರೇ, ನಿಮ್ಮ ಮಾತು ನಿಜವಾಯಿತು. ಇವನ್ನು ಒಡೆಯದೆ ಬಿಡಿಸುವುದು ಸಾಧ್ಯವಾ?

ಕರಣೆ

ಸಾಧ್ಯ. ಆದರೆ ಹನ್ನೊಂದೂ ಉಳಿಯುತ್ತವೆ ಅಂತ ಮಾತು ಕೊಡಲಾರೆ. ಗಾರೆಯಲ್ಲಿ ಕೂರಿಸಿದ ಟೈಲ್ ಹೇಗೆ ಹಿಡಿದಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅರ್ಧ ಉಳಿದರೂ ಒಳ್ಳೆಯದೇ ಅಂದುಕೊಂಡು ಶುರು ಮಾಡಿ.

ಆ ಹದಿನೈದರಲ್ಲಿ ಮೊಳೆ ಬಿದ್ದ ಒಂದನ್ನು ಮೊದಲು ಬಲಿ ಕೊಡಬೇಕು. ಸುತ್ತಲಿನ ಸಂದಿಗೆ ತುಂಬಿದ ಗ್ರೌಟನ್ನು ಪೂರ್ತಿ ಕೆರೆದು ತೆಗೆಯಿರಿ. ಸಂದು ಕೆರೆಯಲು ಕೈಗರಗಸ ಬರುತ್ತದೆ, ಬ್ಲೇಡ್ ಅತ್ತಿತ್ತ ಅಲುಗುವ ಸಣ್ಣ ಮಷಿನ್ ಕೂಡ ಸಿಗುತ್ತದೆ. ಗ್ರೈಂಡರ್ ಬೇಡ, ಕೈ ಸ್ವಲ್ಪ ಜಾರಿದರೆ ಪಕ್ಕದ ಟೈಲ್ ಹೋಗುತ್ತದೆ. ಗ್ರೌಟ್ ಬಿಡಿಸದೆ ಉಳಿ ಇಟ್ಟರೆ ಪೆಟ್ಟು ನೇರ ಪಕ್ಕದ ಟೈಲ್‌ಗೆ ಹೋಗುತ್ತದೆ. ಅರ್ಧಕ್ಕರ್ಧ ಟೈಲ್ಸ್ ಒಡೆಯುವುದು ಈ ಒಂದು ಕಾರಣಕ್ಕೆ. ಆಮೇಲೆ ಆ ಟೈಲ್‌ನ ನಡುವೆ ತೂತು ಕೊರೆದು, ನಡುವಿನಿಂದ ಅಂಚಿನ ಕಡೆಗೆ ಒಡೆಯುತ್ತಾ ತೆಗೆಯಿರಿ. ಅಂಚಿನಿಂದ ಒಳಗೆ ಎಂದೂ ಮೀಟಬೇಡಿ.

ಒಂದು ಹೋಯಿತು ಅಂದರೆ ಪಕ್ಕದ್ದರ ಬದಿಯಿಂದ ಗಾರೆಗೆ ಕೈ ಸಿಗುತ್ತದೆ. ಈಗ ಟೈಲನ್ನು ಮುಟ್ಟಬೇಡಿ, ಅದರ ಹಿಂದಿನ ಗಾರೆಯನ್ನು ಕೊರೆಯಿರಿ. ತೆಳು ಉಳಿಯನ್ನು ಗೋಡೆಗೆ ಒರಗಿಸಿ, ಸಣ್ಣ ಸಣ್ಣ ಪೆಟ್ಟು. ಗಾರೆ ಸಮೇತ ಟೈಲ್ ಈಚೆ ಬರಲಿ. ಹಿಂದೆ ಅಂಟಿದ ಗಾರೆಯನ್ನು ಆಮೇಲೆ ನೀರಲ್ಲಿ ನೆನೆಸಿ, ಒದ್ದೆ ಮರಳಿನ ಮೇಲೆ ಮುಖ ಕೆಳಗಾಗಿ ಮಲಗಿಸಿ, ನಿಧಾನವಾಗಿ ಉಜ್ಜಿ ತೆಗೆದರಾಯಿತು. ಅವಸರ ಮಾಡುವ ಕೆಲಸಗಾರ ಬಂದರೆ ಇದಕ್ಕೆ ಕೈ ಹಾಕಿಸಲೇಬೇಡಿ.

ಒಡೆದ ಟೈಲ್‌ನ ಅಂಚು ಗಾಜಿನ ಹಾಗೆ ಕೊಯ್ಯುತ್ತದೆ. ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ ಬೇಕೇ ಬೇಕು. ದೂಳಿನಲ್ಲಿ ಸಿಲಿಕಾ ಇರುತ್ತದೆ, ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶ ಹಾಳು ಮಾಡುತ್ತದೆ. ಬಟ್ಟೆ ಕಟ್ಟಿಕೊಂಡರೆ ಸಾಲದು, ಸರಿಯಾದ ಮಾಸ್ಕ್ ಹಾಕಿ, ಸಂದಿಗೆ ನೀರು ಚಿಮುಕಿಸುತ್ತಾ ಕೆಲಸ ಮಾಡಿ. ನಮ್ಮ ಕಸುಬಿನವರು ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ ಅನ್ನುವ ನೋವು ನನಗಿದೆ. ಕೆಲಸಕ್ಕೆ ಕರೆಸುವವರಾದರೂ ಒಂದು ಮಾಸ್ಕ್ ತಂದುಕೊಟ್ಟು "ಹಾಕಿಕೊಂಡೇ ಮಾಡಿ" ಅನ್ನಿ.

ಮಟ್ಟಗೋಲು

ಕರಣೆಯವರ ಮಾತಿಗೆ ಒಂದು ಸೇರಿಸುತ್ತೇನೆ. ಮನೆ ಬಹಳ ಹಳೆಯದಾಗಿದ್ದರೆ ಟೈಲ್ ಹಿಂದಿನ ಅಂಟಿನಲ್ಲೋ ಹಲಗೆಯಲ್ಲೋ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರಬಹುದು. ಹಳೇ ಟೈಲ್‌ನ ಹೊಳಪಿನಲ್ಲಿ ಸೀಸವೂ ಇರಬಹುದು. ಗೋಡೆಯಲ್ಲಿ ಸುಮ್ನೆ ಇರುವಷ್ಟು ಕಾಲ ಹೆಚ್ಚು ಭಯವಿಲ್ಲ, ಪುಡಿ ಮಾಡಿದಾಗಲೇ ಅಪಾಯ. ಅನುಮಾನವಿದ್ದರೆ ಒಂದು ಚೂರನ್ನು ಪರೀಕ್ಷೆಗೆ ಕೊಟ್ಟು ಆಮೇಲೆ ಮುಂದುವರಿಯಿರಿ.

ನೀಲಿಹೂಜಿಯವರೇ, ನೀವು ಇನ್ನೊಂದು ವಿಷಯ ಹೇಳಲೇ ಇಲ್ಲ. ಪೈಪ್ ಬದಲಾಯಿಸಿದ ಮೇಲೆ ಒತ್ತಡ ಹಾಕಿ ಪರೀಕ್ಷೆ ಮಾಡಿದ್ದಾರಾ? ಪ್ಲಂಬರ್ ಹತ್ತಿರ ಕೈಪಂಪು, ಒತ್ತಡ ತೋರಿಸುವ ಮೀಟರ್ ಇರುತ್ತದೆ. ಒತ್ತಡ ಹಾಕಿ ಬಿಟ್ಟರೆ ಮುಳ್ಳು ಇಳಿಯಬಾರದು. ಈಗ ಗೋಡೆ ತೆರೆದೇ ಇದೆ, ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ಟೈಲ್ಸ್ ಹಾಕಿದ ಮೇಲೆ ಸೋರಿದರೆ ನೀವು ಕಷ್ಟಪಟ್ಟು ಉಳಿಸಿದ ಹನ್ನೊಂದೂ ಹೋಗುತ್ತವೆ.

ಇನ್ನೊಂದು, ಟೈಲ್ಸ್ ಇದ್ದರೆ ಗೋಡೆಗೆ ನೀರು ಇಳಿಯಲ್ಲ ಅಂತ ತುಂಬ ಜನ ನಂಬಿದ್ದಾರೆ. ಸಿಮೆಂಟ್ ಗ್ರೌಟ್ ಮೂಲಕ ನೀರು ಇಳಿದೇ ಇಳಿಯುತ್ತದೆ. ತಡೆಯುವುದು ಹಿಂದಿನ ವಾಟರ್‌ಪ್ರೂಫ್ ಲೇಪನ. ಗೋಡೆ ಒಡೆದಾಗ ಆ ಲೇಪನವೂ ಹರಿದಿದೆ. ಹೊಸ ಪ್ಲಾಸ್ಟರ್ ಒಣಗಿದ ಮೇಲೆ ಎರಡು ಸಲ ಲೇಪನ ಹಚ್ಚಿಸಿ. ಮೊದಲನೆಯದು ಅಡ್ಡಡ್ಡ, ಎರಡನೆಯದು ಉದ್ದುದ್ದ. ಹಳೇ ಲೇಪನದ ಮೇಲೂ ಸ್ವಲ್ಪ ಹರಡಬೇಕು. ಪೈಪ್ ಹೊರಬರುವ ತೂತಿನ ಸುತ್ತ ಬೆರಳಿನಿಂದ ಒತ್ತಿ ತುಂಬಿಸಬೇಕು. ಮೊದಲ ಸೋರಿಕೆ ಯಾವಾಗಲೂ ಅಲ್ಲೇ ಆಗುವುದು.

ಜೇಡಿಮಣ್ಣು

ನಾನು ಕುಂಬಾರಿಕೆ ಮಾಡುವವಳು, ಬಣ್ಣದ ಬಗ್ಗೆ ಹೇಳುತ್ತೇನೆ. ಹನ್ನೊಂದರಲ್ಲಿ ಕೆಲವು ಒಡೆದರೆ ನಿಮಗೆ ಇನ್ನಷ್ಟು ಬೇಕಾಗಬಹುದು. ಎಡಗಡೆಯ ಎರಡು ಟೊಳ್ಳು ಟೈಲ್ಸ್ ಹೇಗೂ ಸಡಿಲ, ಅವು ಚೆನ್ನಾಗಿಯೇ ಈಚೆ ಬರುತ್ತವೆ, ಮತ್ತೆ ಅದೇ ಜಾಗಕ್ಕೆ ಕೂರಿಸಬಹುದು.

ಅಂಗಡಿಯಿಂದ ತರುವುದಾದರೆ ಚೂರನ್ನು ಅಂಗಡಿಗೆ ಒಯ್ಯುವುದರ ಜೊತೆಗೆ ಅಂಗಡಿಯ ಮಾದರಿಯನ್ನು ಮನೆಗೆ ತನ್ನಿ. ನಿಮ್ಮ ಬಾತ್‌ರೂಮ್ ದೀಪದ ಕೆಳಗೆ, ಅದೇ ಗೋಡೆಗೆ ಒರಗಿಸಿ ನೋಡಿ. 2700 ಕೆಲ್ವಿನ್‌ನ ಹಳದಿ ಬೆಳಕಿನಲ್ಲಿ ಹೊಂದಿದ ಹಸಿರು 6500 ಕೆಲ್ವಿನ್‌ನ ಬಿಳಿ ಬೆಳಕಿನಲ್ಲಿ ಹೊಂದದೇ ಹೋಗಬಹುದು. ಎರಡು ಟೈಲ್ಸ್‌ಗೆ ಬೇರೆ ಬೇರೆ ಬಣ್ಣದ ಪುಡಿ ಬಳಸಿದ್ದರೆ ಹೀಗಾಗುತ್ತದೆ. ಹಸಿರು ಕ್ರೋಮಿಯಂನಿಂದಲೂ ಬರುತ್ತದೆ, ತಾಮ್ರದಿಂದಲೂ ಬರುತ್ತದೆ, ಎರಡರ ಸ್ವಭಾವ ಬೇರೆ. ಹಗಲು ಬೆಳಕಲ್ಲಿ, ದೀಪದಲ್ಲಿ, ಒದ್ದೆ ಮಾಡಿ, ಬದಿಯಿಂದ, ಹೀಗೆ ಎಲ್ಲ ರೀತಿ ನೋಡಿ. ಮೊದಲು ಹಳೇ ಟೈಲನ್ನು ಚೆನ್ನಾಗಿ ತೊಳೆಯಿರಿ. ಸೋಪಿನ ಪದರ, ನೀರಿನ ಕಲೆಯೊಂದಿಗೆ ಬಣ್ಣ ಹೋಲಿಸಿದರೆ ತಪ್ಪು ಛಾಯೆ ತರುತ್ತೀರಿ. ಬಿಳಿ ಟೈಲ್ಸ್ ಇರುವವರೂ ಇದನ್ನು ಕೇಳಿಸಿಕೊಳ್ಳಿ, ಬಿಳಿಯಲ್ಲಿ ನೂರು ಬಿಳಿ ಇದೆ. ಬಿಳಿಯನ್ನು ಹೊಂದಿಸುವುದೇ ಎಲ್ಲಕ್ಕಿಂತ ಕಷ್ಟ.

ಹಳೇ ಟೈಲ್ಸ್ ಮೇಲೆ ಕೂದಲೆಳೆಯಂಥ ಬಿರುಕಿನ ಬಲೆ ಇದೆಯಾ ನೋಡಿ. ಗೋಡೆಯ ಸೆರಾಮಿಕ್ ಟೈಲ್‌ನ ಒಡಲು ನೀರು ಕುಡಿಯುತ್ತದೆ. ಸೆರಾಮಿಕ್ ಟೈಲ್ಸ್‌ನ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 13006ರಲ್ಲಿ ಅಚ್ಚೊತ್ತಿ ಮಾಡಿದ ಗೋಡೆ ಟೈಲ್ಸ್ ನೀರು ಹೀರುವಿಕೆ ಶೇ. 10ಕ್ಕಿಂತ ಹೆಚ್ಚಿನ ಗುಂಪಿಗೆ ಸೇರುತ್ತವೆ. ವರ್ಷಗಳು ಕಳೆದಂತೆ ತೇವ ಹೀರಿ ಒಡಲು ಒಂದಿಷ್ಟು ಹಿಗ್ಗುತ್ತದೆ. ಮೇಲಿನ ಗಾಜಿನ ಪದರ ಅಷ್ಟು ಹಿಗ್ಗದೆ ಸೀಳುತ್ತದೆ. ಆ ಬಿರುಕು ಇದ್ದರೆ ಹೊಚ್ಚ ಹೊಸ ಟೈಲ್ ಎಷ್ಟೇ ಹೊಂದಿದರೂ ಬೇರೆಯಾಗಿ ಕಾಣುತ್ತದೆ. ಆಗ ನಿಮ್ಮ ಕಪಾಟಿನ ಹಿಂದಿನವೇ ಚಿನ್ನ.

ಕೈಯಲ್ಲಿ ಮಾಡಿಸುವ ದಾರಿಯೂ ಇದೆ. ಹಸಿ ಮಣ್ಣು ಒಣಗಿ ಸುಡುವಷ್ಟರಲ್ಲಿ ಸುಮಾರು ಹತ್ತನೇ ಒಂದು ಪಾಲು ಕುಗ್ಗುತ್ತದೆ. 152 ಮಿ.ಮೀ. ಬೇಕಾದರೆ 169ಕ್ಕೆ ಕತ್ತರಿಸಬೇಕು. ಮಣ್ಣಿನಿಂದ ಮಣ್ಣಿಗೆ ಈ ಲೆಕ್ಕ ಬದಲಾಗುತ್ತದೆ, ಹಾಗಾಗಿ ಯಾವುದೇ ಒಳ್ಳೆಯ ಕುಶಲಕರ್ಮಿ ಮೊದಲು ಮಾದರಿ ಸುಟ್ಟು ತೋರಿಸುತ್ತಾರೆ. ದುಬಾರಿ ಕೆಲಸ, ಕಾಯಬೇಕು. ನಾಲ್ಕೈದು ಟೈಲ್ಸ್‌ಗೆ, ಅದರಲ್ಲೂ ಚಿತ್ರವಿರುವ ಟೈಲ್ಸ್‌ಗೆ ಮಾಡಿಸಬಹುದು.

ಫೋಟೋದಿಂದ ಟೈಲ್ ಮೇಲೆ ಪ್ರಿಂಟ್ ಮಾಡಿಕೊಡುತ್ತೇವೆ ಅನ್ನುವವರೂ ಇದ್ದಾರೆ. ಬಣ್ಣವನ್ನು ಗೂಡಿನಲ್ಲಿ ಸುಡುತ್ತಾರಾ ಅಂತ ಕೇಳಿ. ಸುಡದೆ ಲೇಪನದ ಮೇಲೆ ಮುದ್ರಿಸಿದ್ದರೆ ಶವರ್ ಕೆಳಗೆ, ಉಜ್ಜಿ ತೊಳೆಯುವ ಜಾಗದಲ್ಲಿ ಬಾಳುವುದಿಲ್ಲ.

ಮಳೆಬಿಲ್ಲು

ಹೊಂದಿಸಲು ಸಾಧ್ಯವೇ ಇಲ್ಲದವರಿಗೆ ಒಂದು ಮಾತು. ಹತ್ತಿರ ಹತ್ತಿರದ ಬಣ್ಣ ಹಾಕಬೇಡಿ. ಸ್ವಲ್ಪ ತಪ್ಪಿದ ಹಸಿರು ನೋಡಿದವರಿಗೆ ರಿಪೇರಿ ಅಂತಲೇ ಕಾಣುತ್ತದೆ. ಪೂರ್ತಿ ಬೇರೆ ಬಣ್ಣ ಹಾಕಿದರೆ ಬೇಕು ಅಂತಲೇ ಮಾಡಿಸಿದ್ದು ಅನಿಸುತ್ತದೆ. ಆದರೆ ಒಡೆದಷ್ಟೇ ಜಾಗಕ್ಕೆ ತೇಪೆಯಂತೆ ಹಾಕಬಾರದು. ಮಿಕ್ಸರ್‌ನಿಂದ ಶವರ್‌ವರೆಗೆ, ನೆಲದಿಂದ ಮೇಲಿನವರೆಗೆ ಒಂದೇ ಪಟ್ಟಿಯಾಗಿ ಒಯ್ಯಿರಿ. ಎರಡೂ ಬದಿಯಲ್ಲಿ ಹಳೇ ಸಂದಿನ ಗೆರೆಗೆ ಸರಿಯಾಗಿ ಮುಗಿಯಬೇಕು. ಇದರಿಂದ ಇನ್ನೊಂದು ಅನುಕೂಲ ಇದೆ. ಪೈಪ್ ಓಡುವುದು ಆ ಪಟ್ಟಿಯ ಹಿಂದೆಯೇ. ಮುಂದೆ ರಿಪೇರಿ ಬಂದರೆ ಅದೇ ಟೈಲ್ಸ್ ಒಡೆದರಾಯಿತು, ಅದರ ಒಂದು ಬಾಕ್ಸ್ ಜಾಸ್ತಿ ತಂದು ಇಟ್ಟುಕೊಳ್ಳಿ. ಪಕ್ಕದ ಹಳೇ ಟೈಲ್ಸ್ ಮುಟ್ಟುವ ಅಗತ್ಯವೇ ಬರುವುದಿಲ್ಲ.

ಕಿಟಕಿಬದಿ

ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ನಮ್ಮಲ್ಲಿ ಒಡೆದಿಲ್ಲ, ಹಳೇ ಸ್ಟ್ಯಾಂಡ್ ತೆಗೆದ ಮೇಲೆ ತೂತುಗಳು ಉಳಿದಿವೆ. ಟೈಲ್ ಪೇಂಟ್ ಹೊಡೆಸಿದರೆ ಆಗುತ್ತಾ?

ಹಳೇಮನೆ

ತೂತಿಗೆ ಪೇಂಟ್ ಬೇಡ. ಒಳಗಿನ ಪ್ಲಗ್ ತೆಗೆದು ಎರಡು ಭಾಗ ಬೆರೆಸುವ ಎಪಾಕ್ಸಿ ತುಂಬಿ, ಅರ್ಧ ಗಟ್ಟಿಯಾದಾಗ ಬ್ಲೇಡಿನಿಂದ ಮಟ್ಟ ಮಾಡಿ, ಟೈಲ್ ಬಣ್ಣದ ಎನಾಮೆಲ್ ಒಂದು ಹನಿ ಇಡಿ. ದೂರದಿಂದ ಕಾಣಿಸಲ್ಲ. ಇನ್ನೂ ಒಳ್ಳೆಯದು, ಹೊಸ ಸ್ಟ್ಯಾಂಡನ್ನು ತೂತು ಮುಚ್ಚುವಂತೆ ಹಾಕಿ. ಇಡೀ ಗೋಡೆಗೆ ಪೇಂಟ್ ಅಂದರೆ ಬೇಸಿನ್ ಕಡೆ ಪರವಾಗಿಲ್ಲ. ಶವರ್ ನೀರು ದಿನವೂ ಬೀಳುವ ಕಡೆ ಬೇಗ ಸುಲಿಯುತ್ತದೆ.

ನೀಲಿಹೂಜಿ

ಪೈಪ್ ಪರೀಕ್ಷೆ ಮಾಡಿಸಿದೆ, ಮುಳ್ಳು ಇಳಿಯಲಿಲ್ಲ. ಕಪಾಟಿನ ಹಿಂದಿನವುಗಳಲ್ಲಿ ಎಂಟು ಇಡಿಯಾಗಿ ಬಂದವು. ಟೊಳ್ಳು ಎರಡೂ ಬಂದವು. ಈಗ ನಾಲ್ಕು ಕಡಿಮೆ ಇವೆ. ಮಿಕ್ಸರ್‌ನ ಅಗಲವಾದ ತಟ್ಟೆಯ ಕೆಳಗೆ ಎರಡು ಟೈಲ್ಸ್ ಬಹುಪಾಲು ಮುಚ್ಚಿಹೋಗುತ್ತವೆ. ಅಲ್ಲಿಗೆ ಮೊಳೆ ತೂತು ಬಿದ್ದವನ್ನೇ ಹಾಕಬಹುದಾ? ಇನ್ನೆರಡನ್ನು ಎಲ್ಲಿಂದ ತರಲಿ?

ಕರಣೆ

ಧಾರಾಳವಾಗಿ ಹಾಕಿ. ತೂತು ತಟ್ಟೆಯ ಕೆಳಗೆ ಬರುವಂತೆ ತಿರುಗಿಸಿ, ಪೈಪ್‌ಗೆ ಬೇಕಾದ ದೊಡ್ಡ ತೂತನ್ನು ಡೈಮಂಡ್ ಬಿಟ್‌ನಲ್ಲಿ, ನೀರು ಹಾಕುತ್ತಾ ಕೊರೆಸಿ. ಇನ್ನೆರಡಕ್ಕೆ ಬಾಗಿಲ ಹಿಂದೆ ನೆಲದ ಹತ್ತಿರ ನೋಡಿ, ಅಲ್ಲಿ ಬೇರೆ ಹಸಿರು ಬಂದರೂ ಯಾರೂ ಗಮನಿಸುವುದಿಲ್ಲ.

ಕೂರಿಸುವಾಗ ಆಳದ ಕಡೆ ಗಮನ ಕೊಡಿ. ಹಳೇ ಟೈಲ್ಸ್ ಕೂತಿರುವುದು ಹದಿನೈದು ಮಿ.ಮೀ. ಆಸುಪಾಸಿನ ಗಾರೆಯ ಮೇಲೆ. ಈಗ ಅಂಟಿನಲ್ಲಿ ಹಾಕಿದರೆ ಅಂಟಿಗೆ ಬೇಕಾದ್ದು ಮೂರರಿಂದ ಆರು ಮಿ.ಮೀ. ಆ ಗುಂಡಿಯನ್ನು ಅಂಟಿನಲ್ಲೇ ತುಂಬಿಸಲು ಹೋಗಬೇಡಿ, ದಪ್ಪ ಅಂಟು ಒಣಗುವಾಗ ಕುಗ್ಗಿ ಟೈಲನ್ನು ಒಳಕ್ಕೆ ಎಳೆಯುತ್ತದೆ. ಮೊದಲು ಪ್ಲಾಸ್ಟರ್‌ನಲ್ಲಿ ಮಟ್ಟ ತನ್ನಿ. ಟೈಲ್ ಮತ್ತು ಅಂಟಿನ ದಪ್ಪ ಸೇರಿಸಿ ಅಷ್ಟು ಮಾತ್ರ ತಗ್ಗು ಬಿಡಿ. ಲೇಪನ ಅದರ ಮೇಲೆ. ಅಂಟಿನ ಚೀಲದ ಮೇಲೆ ಸಿ2ಟಿಇ ಅಂತ ಇದ್ದರೆ ಒಳ್ಳೆಯದು. ಸಿ ಅಂದರೆ ಸಿಮೆಂಟಿನದು, 2 ಅಂದರೆ ಹೆಚ್ಚು ಹಿಡಿತ, ಟಿ ಅಂದರೆ ಗೋಡೆಯಲ್ಲಿ ಕೆಳಗೆ ಜಾರುವುದಿಲ್ಲ, ಇ ಅಂದರೆ ಹಚ್ಚಿದ ಮೇಲೆ ಕೂರಿಸಲು ಸ್ವಲ್ಪ ಹೆಚ್ಚು ಹೊತ್ತು ಸಿಗುತ್ತದೆ.

ಟೈಲ್ಸ್ ನೆನೆಸಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಬರೀ ಸಿಮೆಂಟ್ ಗಾರೆಯಲ್ಲಾದರೆ ನೆನೆಸಲೇಬೇಕು, ಇಲ್ಲದಿದ್ದರೆ ಗಾರೆಯ ನೀರನ್ನೆಲ್ಲ ಟೈಲ್ ಕುಡಿದುಬಿಡುತ್ತದೆ. ಅಂಟಿನಲ್ಲಾದರೆ ನೆನೆಸಬಾರದು. ನಿಮ್ಮವು ಗಾರೆ ಬಿಡಿಸಲು ನೆನೆದಿವೆ, ಪೂರ್ತಿ ಒಣಗಿಸಿ ಹಿಂಬದಿಯ ದೂಳು ಒರೆಸಿ. ಕೂರಿಸಿದ ಮೇಲೆ ಒಂದು ನೇರ ಪಟ್ಟಿಯನ್ನು ಹಳೇ ಟೈಲ್ಸ್‌ನಿಂದ ಹಳೇ ಟೈಲ್ಸ್‌ಗೆ ಅಡ್ಡ ಇಟ್ಟು ನೋಡಿ. ಇಲ್ಲಿ ರಸಮಟ್ಟಕ್ಕಿಂತ ಪಕ್ಕದ ಟೈಲೇ ಮುಖ್ಯ. ಹಳೇ ಗೋಡೆ ಸ್ವಲ್ಪ ವಾಲಿದ್ದರೆ ಹೊಸ ಭಾಗವೂ ಅಷ್ಟೇ ವಾಲಬೇಕು.

ನೀಲಿಹೂಜಿ

ಬಾಗಿಲ ಹಿಂದೆ ಎರಡು ಸಿಕ್ಕವು, ಅಲ್ಲಿಗೆ ಅಂಗಡಿಯ 150ರದ್ದು ಹಾಕಿಸುತ್ತೇನೆ. ಈಗ ಉಳಿದ ಚಿಂತೆ ಗ್ರೌಟ್. ಹಳೇ ಸಂದೆಲ್ಲ ಕಂದು ಬಣ್ಣಕ್ಕೆ ತಿರುಗಿದೆ. ಹೊಸದು ಬೆಳ್ಳಗೆ ಎದ್ದು ಕಾಣುತ್ತದಲ್ಲಾ?

ಹಳೇಮನೆ

ಖಂಡಿತ ಕಾಣುತ್ತದೆ. ಟೈಲ್ಸ್ ಹೊಂದಿಸಿ ಗ್ರೌಟ್‌ನಲ್ಲಿ ಸೋಲುವವರೇ ಜಾಸ್ತಿ. ನನ್ನ ಕೇಳಿದರೆ ಆ ಒಂದು ಗೋಡೆಯ ಹಳೇ ಗ್ರೌಟನ್ನೆಲ್ಲ ಎರಡು ಮೂರು ಮಿ.ಮೀ. ಆಳಕ್ಕೆ ಕೆರೆಸಿ, ಹೊಸ ಜಾಗ ಹಳೇ ಜಾಗ ಎರಡಕ್ಕೂ ಒಟ್ಟಿಗೆ ಒಂದೇ ಗ್ರೌಟ್ ತುಂಬಿಸಿ. ಗೋಡೆ ಪೂರ್ತಿ ಒಂದೇ ದಿನ ಮಾಡಿದಂತೆ ಕಾಣುತ್ತದೆ. ಕೆರೆಯುವ ಕೆಲಸ ಬೇಸರದ್ದು, ಆದರೆ ಈ ಇಡೀ ರಿಪೇರಿಯಲ್ಲಿ ಅದಕ್ಕಿಂತ ಹೆಚ್ಚು ಫಲ ಕೊಡುವುದು ಬೇರೆ ಇಲ್ಲ.

ಬರೀ ಹೊಸ ಜಾಗಕ್ಕೆ ಮಾತ್ರ ಹಾಕುವುದಾದರೆ ಮೊದಲು ಹಳೇ ಗ್ರೌಟ್ ತೊಳೆದು ನಿಜವಾದ ಬಣ್ಣ ನೋಡಿ, ಒಂದು ಮೂಲೆಯಲ್ಲಿ ಹಚ್ಚಿ ಒಣಗಿಸಿ ಹೋಲಿಸಿ. ಒದ್ದೆಯಿದ್ದಾಗ ಗಾಢವಾಗಿ ಕಾಣುತ್ತದೆ, ಒಣಗಿದಾಗ ತಿಳಿಯಾಗುತ್ತದೆ. ಕಲಸುವ ನೀರನ್ನು ಅಳೆದೇ ಹಾಕಿ. ನೀರು ಜಾಸ್ತಿಯಾದರೆ ಬಣ್ಣ ಇನ್ನೂ ಪೇಲವ, ಗ್ರೌಟೂ ಪುಡಿಪುಡಿ. ತೊಳೆಯಲು ಆಸಿಡ್ ಬೇಡವೇ ಬೇಡ. ಹೈಡ್ರೋಕ್ಲೋರಿಕ್ ಆಸಿಡ್ ಸಿಮೆಂಟ್ ಗ್ರೌಟನ್ನು ತಿನ್ನುತ್ತದೆ, ಹೈಡ್ರೋಫ್ಲೋರಿಕ್ ಇರುವ ದ್ರಾವಣ ಟೈಲ್‌ನ ಹೊಳಪನ್ನೇ ತಿನ್ನುತ್ತದೆ.

ಮಟ್ಟಗೋಲು

ಗೋಡೆ ಗೋಡೆ ಸೇರುವ ಮೂಲೆ, ಗೋಡೆ ನೆಲ ಸೇರುವ ಮೂಲೆ, ಮಿಕ್ಸರ್ ತಟ್ಟೆಯ ಸುತ್ತ ಗ್ರೌಟ್ ತುಂಬಿಸಬೇಡಿ. ಅಲ್ಲಿ ಸ್ವಲ್ಪ ಅಲುಗಾಟ ಇದ್ದೇ ಇರುತ್ತದೆ, ಗ್ರೌಟ್ ಬಿರುಕು ಬಿಡುತ್ತದೆ. ಬಾತ್‌ರೂಮಿಗೆ ಅಂತಲೇ ಬರುವ, ಬೂಸ್ಟು ತಡೆಯುವ ಸಿಲಿಕೋನ್ ಹಚ್ಚಿಸಿ. ಹಳೇ ಸಿಲಿಕೋನ್ ಇದ್ದರೆ ಪೂರ್ತಿ ಕಿತ್ತು ತೆಗೆದ ಮೇಲೇ ಹಚ್ಚಬೇಕು, ಹಳೆಯದರ ಮೇಲೆ ಹೊಸದು ಹಿಡಿಯುವುದಿಲ್ಲ. ಮಿಕ್ಸರ್ ತಟ್ಟೆಯ ಕೆಳತುದಿಯಲ್ಲಿ ಮಾತ್ರ ಒಂದು ಸಣ್ಣ ಸಂದು ಬಿಡಿ. ಒಳಗೆ ಯಾವತ್ತಾದರೂ ಸೋರಿದರೆ ನೀರು ಅಲ್ಲಿಂದ ಹೊರಬಂದು ಗೊತ್ತಾಗಲಿ.

ನೀಲಿಹೂಜಿ

ಇಡೀ ಗೋಡೆಯ ಗ್ರೌಟ್ ಕೆರೆಸುತ್ತೇನೆ, ತೀರ್ಮಾನಿಸಿದೆ. ಕೊನೆಯ ಪ್ರಶ್ನೆ. ಎಲ್ಲ ಮುಗಿದ ಮೇಲೆ ಶವರ್ ಯಾವಾಗ ಬಳಸಬಹುದು?

ಕರಣೆ

ಟೈಲ್ಸ್ ಕೂರಿಸಿ 24 ಗಂಟೆ ಬಿಟ್ಟು ಗ್ರೌಟ್. ಗ್ರೌಟ್ ಪೂರ್ತಿ ಒಣಗಿದ ಮೇಲೆ ಸಿಲಿಕೋನ್. ಸಿಲಿಕೋನ್ ಹಚ್ಚಿ ಇನ್ನೊಂದು 24 ಗಂಟೆ ನೀರು ತಾಗಬಾರದು. ಚೀಲದ ಮೇಲೆ ಇದಕ್ಕಿಂತ ಹೆಚ್ಚು ಹೊತ್ತು ಬರೆದಿದ್ದರೆ ಅದನ್ನೇ ನಂಬಿ, ಚಳಿಯಿದ್ದರೆ ಇನ್ನಷ್ಟು ಬಿಡಿ. ಅಷ್ಟರವರೆಗೆ ಬಕೆಟ್ ಹಿಡಿದು ಬೇರೆ ಮೂಲೆಯಲ್ಲಿ ಸ್ನಾನ ಮಾಡುತ್ತೇವೆ ಅನ್ನುವ ಯೋಚನೆ ಮನೆಯಲ್ಲಿ ಯಾರಿಗೂ ಬರದಂತೆ ಬಾಗಿಲಿಗೆ ಒಂದು ಚೀಟಿ ಅಂಟಿಸಿ. ಮುಗಿದ ಮೇಲೆ ಫೋಟೋ ಹಾಕಿ ಮೇಡಂ.